ಹುಳು ಮನೆಯವರು ಹವಳ ನೋಡಲು ಹೋದಾಗ

ನಾವು ಶಿಡ್ಲಘಟ್ಟದ ಕಡೆಯವರು. ರೇಷ್ಮೆ ಮಾಡುವವರಿಗೆ ರಜೆ ಅಂದರೆ ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವೆ ಸಿಗುವ ಬಿಡುವು, ಅಷ್ಟೇ. ಹೋದ ಫೆಬ್ರವರಿಯಲ್ಲಿ ರೇಷ್ಮೆ ಗೂಡು ಮಾರಿ, ಹುಳುವಿನ ಮೇವಾದ ಹಿಪ್ಪುನೇರಳೆ ಸೊಪ್ಪಿನ ತೋಟ ಕಟಾವು ಮಾಡಿ, ಐದು ಜನ ಅಂಡಮಾನಿಗೆ ಹೊರಟೆವು. ನಾನು, ಹೆಂಡತಿ, ಅಮ್ಮ, ಭಾಮೈದ, ಅವನ ಮಗ. ದೇವನಹಳ್ಳಿ ವಿಮಾನ ನಿಲ್ದಾಣ ನಮಗೆ ಹತ್ತಿರ, ಅದೊಂದು ಅನುಕೂಲ.

ಹವಳಕ್ಕಾಗಿ ಮುಖ್ಯವಾಗಿ ನೋಡಬೇಕಿದ್ದದ್ದು ಜಾಲಿ ಬಾಯ್ ದ್ವೀಪ. ಪೋರ್ಟ್ ಬ್ಲೇರ್ ಹತ್ತಿರದ ವಂಡೂರಿನಿಂದ ದೋಣಿ. 1983ರಲ್ಲಿ ಮಾಡಿದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಒಳಗಿದೆ ಇದು. ಅರಣ್ಯ ಇಲಾಖೆಯ ಪರವಾನಗಿ ಬೇಕು. ಹಿಂದಿನ ದಿನವೇ ಗುರುತಿನ ಚೀಟಿ ಕೊಟ್ಟು ಮಾಡಿಸಿಕೊಂಡೆವು. ಸೋಮವಾರ ರಜೆ, ಅದನ್ನು ನೋಡಿಕೊಂಡು ಹೋಗಿ. ಈ ದ್ವೀಪ ವರ್ಷಪೂರ್ತಿ ತೆರೆದಿರುವುದಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಇದನ್ನು ಮುಚ್ಚಿ, ರೆಡ್ ಸ್ಕಿನ್ ಅನ್ನುವ ಇನ್ನೊಂದು ದ್ವೀಪಕ್ಕೆ ಬಿಡುತ್ತಾರೆ. ಬೆಳೆ ಮುಗಿದ ಮೇಲೆ ಹುಳು ಮನೆ ತೊಳೆದು, ಬ್ಲೀಚಿಂಗ್ ಹಾಕಿ, ಸ್ವಲ್ಪ ದಿನ ಸುಮ್ನೆ ಬಿಡುತ್ತೇವಲ್ಲ, ನನಗೆ ಅದೇ ನೆನಪಾಯಿತು.

ದೋಣಿ ಹತ್ತುವ ಮುಂಚೆ ಬ್ಯಾಗ್ ತಪಾಸಣೆ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಇದು ಗೊತ್ತಿದ್ದರಿಂದ ಮನೆಯಲ್ಲೇ ಜಗಳ ಮುಗಿದಿತ್ತು. ಹೆಂಡತಿ ಚಕ್ಕುಲಿ, ಕಡ್ಲೆಬೀಜ ಎಲ್ಲ ಕವರಿಗೆ ಹಾಕಿ ಗಂಟು ಕಟ್ಟಿದ್ದಳು. ಬಿಚ್ಚಿಸಿ ಸ್ಟೀಲ್ ಡಬ್ಬಿಗೆ ತುಂಬಿಸಿದೆ. "ನಂದಿ ಬೆಟ್ಟಕ್ಕೆ ಹೋದಾಗ ಇಷ್ಟು ನಾಜೂಕು ಇರ್ಲಿಲ್ಲ ನಿಮಗೆ" ಅಂದಳು. ನಿಜ, ಇರಲಿಲ್ಲ.

ಈಜು ನಮಗೆ ಹೊಸದಲ್ಲ, ಬಾವಿಯಲ್ಲಿ ಕಲಿತವರು. ಆದರೆ ಮುಖ ನೀರಲ್ಲಿಟ್ಟು ಕೊಳವೆಯಿಂದ ಉಸಿರಾಡುವುದು ಬೇರೆಯದೇ ಸಂಗತಿ. ಅದಕ್ಕೆ ಊರಲ್ಲೇ ಒಂದು ಮಾಸ್ಕ್ ತರಿಸಿ, ದೊಡ್ಡ ಟಬ್ಬಿನಲ್ಲಿ ಮುಖ ಮುಳುಗಿಸಿ ಒಂದು ವಾರ ಅಭ್ಯಾಸ ಮಾಡಿದೆವು. ಬೀದಿಯವರು ನಕ್ಕರು, ನಗಲಿ. ಗಾಬರಿಯಾದವನು ಮೊದಲು ಮಾಡುವ ಕೆಲಸ ಕಾಲೂರಿ ನಿಲ್ಲುವುದು. ಹವಳಕ್ಕೆ ಅದಕ್ಕಿಂತ ದೊಡ್ಡ ಏಟು ಇಲ್ಲ.

ಇಷ್ಟೆಲ್ಲ ತಯಾರಿ ಮಾಡಿದ ನಾನೇ ತಪ್ಪು ಮಾಡಿದೆ. ಮಾಸ್ಕಿನೊಳಗೆ ಸ್ವಲ್ಪ ನೀರು ಬಂತು. ಕೈಕಾಲು ಬಡಿದೆ. ಎಡಗಾಲಿಗೆ ಏನೋ ತಾಕಿ, ಕಟ್ ಅಂತ ಮುರಿಯಿತು. ನೋಡಿದರೆ ಕಿರುಬೆರಳಷ್ಟು ಒಂದು ಹವಳದ ಕೊಂಬೆ. ಕೊಂಬೆ ಜಾತಿಯವು ವರ್ಷಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲವು, ಅದೊಂದೇ ಸಮಾಧಾನ. ಪಕ್ಕದಲ್ಲಿದ್ದ ಗುಂಡು ಹವಳಕ್ಕೆ ಒದ್ದಿದ್ದರೆ ಕಥೆ ಬೇರೆ. ಅವು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆದರೆ ಜಾಸ್ತಿ. ಜೊತೆಗಿದ್ದ ಗೈಡ್ ಹುಡುಗ ಕಣ್ಣು ಬಿಟ್ಟ. ಆಮೇಲೆ ಮಾಸ್ಕಿನಲ್ಲಿ ನೀರು ಬಂದಾಗಲೆಲ್ಲ ಅಂಗಾತ ತೇಲಿ, ಅಲ್ಲೇ ಸರಿ ಮಾಡಿಕೊಂಡೆ. ಮೊದಲೇ ಹೊಳೆಯಬೇಕಿತ್ತು.

ಸನ್‌ಸ್ಕ್ರೀನ್ ಯಾರೂ ಹಚ್ಚಲಿಲ್ಲ. ತುಂಬುತೋಳಿನ ಟೀ ಶರ್ಟ್ ಹಾಕಿಕೊಂಡೆವು. ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆನ್ಜೋನ್ ಹವಳಕ್ಕೆ ಆಗದು ಅಂತ ಹವಾಯಿಯಲ್ಲಿ 2021ರಿಂದ ಅಂಥ ಕ್ರೀಮಿನ ಮಾರಾಟವನ್ನೇ ನಿಲ್ಲಿಸಿದ್ದಾರೆ. ಪಕ್ಕದವರು ದ್ರಾಕ್ಷಿಗೆ ಔಷಧಿ ಹೊಡೆದರೆ ನಮ್ಮ ಸೊಪ್ಪಿಗೂ ಅದನ್ನು ತಿನ್ನುವ ಹುಳುವಿಗೂ ಏನಾಗುತ್ತೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಡದಲ್ಲಿ ಭಾಮೈದನ ಮಗ ಒಂದು ಬಿಳಿ ಹವಳದ ತುಂಡು ಎತ್ತಿಕೊಂಡ. "ಸತ್ತಿದೆ ಮಾವ, ಕಲ್ಲು ಇದು" ಅಂದ. ಸತ್ತಿದ್ದರೂ ಒಯ್ಯುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಹುಲಿಯ ಜೊತೆ ಹವಳವೂ ಇದೆ ಅಂದಾಗ ಹುಡುಗ ಎತ್ತಿದ ಜಾಗದಲ್ಲೇ ಇಟ್ಟ.

ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡಿದ್ದು ಅಮ್ಮ, ನೀರಿಗೆ ಇಳಿಯದೆ. ದೊಡ್ಡ ದೋಣಿ ದಡದ ತನಕ ಹೋಗುವುದಿಲ್ಲ, ಗಾಜಿನ ತಳದ ಚಿಕ್ಕ ದೋಣಿಗೆ ಹತ್ತಿಸುತ್ತಾರೆ. ಅದರ ಅಂಬಿಗ ತೆಲುಗಿನವನು. ನಮ್ಮ ಕಡೆ ತೆಲುಗು ಬಾರದವರು ಯಾರು? ಅಮ್ಮನಿಗೂ ಅವನಿಗೂ ಮಾತು ಕುದುರಿತು. ಒಂದು ಕಡೆ ಕೊಂಬೆಗಳೆಲ್ಲ ಬೂದಿ ಬಣ್ಣ, ಪುಡಿಪುಡಿ. ನೀರು ಬಿಸಿಯಾದರೆ ಹೀಗೆ ಅಂದ. ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ಗುಂಪು. ಮೈಯೊಳಗೆ ಪಾಚಿ ಸಾಕಿಕೊಂಡಿರುತ್ತವೆ. ಬಣ್ಣ ಅದರದ್ದು, ಊಟವೂ ಬಹುಪಾಲು ಅದರದ್ದೇ. ಸಮುದ್ರ ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದೆರಡು ಡಿಗ್ರಿ ಏರಿ, ಕೆಲವು ವಾರ ಹಾಗೇ ನಿಂತರೆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತವೆ. ಬೇಗ ತಣ್ಣಗಾಗದಿದ್ದರೆ ಸಾಯುತ್ತವೆ. ಅಂಡಮಾನಿನಲ್ಲಿ 2010ರಲ್ಲಿ ಹೀಗಾಗಿತ್ತು, 2016ರಲ್ಲಿ ಮತ್ತೆ.

ಅಮ್ಮನಿಗೆ ಇದು ಪೂರ್ತಿ ಅರ್ಥವಾಯಿತು. ಕೊನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಹಾಗನ್ನುತ್ತೇವೆ) ಎದ್ದ ಹುಳುವಿಗೆ ಸೆಕೆ ಜಾಸ್ತಿಯಾಗಿ ಸಪ್ಪೆ ರೋಗ ಬಂದು ಬೆಳೆಗೆ ಬೆಳೆಯೇ ತಿಪ್ಪೆ ಸೇರಿದ್ದನ್ನು ನೋಡಿದವರು ಅವರು.

"ಪಾಚಿ ಸಾಲದಿದ್ದರೆ ಮೇವು ಯಾರು ಹಾಕ್ತಾರೆ?" ಅಂತ ಕೇಳಿದರು.

ರಾತ್ರಿ ಹೊತ್ತು ಸಣ್ಣ ಕೈ ಚಾಚಿ, ತೇಲಿ ಬರುವ ಸಣ್ಣ ಜೀವಿಗಳನ್ನು ತಾವೇ ಹಿಡಿದುಕೊಳ್ಳುತ್ತವೆ ಅಂತ ಅವನು ಹೇಳಿದ. ಅಮ್ಮ ಇನ್ನೊಮ್ಮೆ ಗಾಜಿನ ಮೇಲೆ ಬಗ್ಗಿ ನೋಡಿದರು.

"ಪುಣ್ಯವಂತರು ಕಣಯ್ಯ. ಸೊಪ್ಪು ಕೊಯ್ಯೋ ಕೆಲಸ ಇಲ್ಲ."