ಮಕ್ಕಳ ಉತ್ತರಗಳಿಗೆ ವೋಟು: ಶುರು ಮಾಡುವುದು ಹೇಗೆ?

ನಾನು ದ್ವಿತೀಯ ಪಿಯುಸಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಮಕ್ಕಳಿಗೆ ಡೌಟು ಬರುವುದು ಜಾಸ್ತಿ ರಾತ್ರಿ ಹೊತ್ತು, ಲೆಕ್ಕ ಬಿಡಿಸಲು ಕೂತಾಗ. ಒಬ್ಬಳು ಆನ್‌ಲೈನಿನಲ್ಲಿ ಪ್ರಶ್ನೆ ಹಾಕುತ್ತಾಳೆ, ಆರೇಳು ಜನ ಉತ್ತರ ಬರೆಯುತ್ತಾರೆ. ಅವುಗಳಲ್ಲಿ ಯಾವುದನ್ನು ಮೊದಲು ಓದಬೇಕು? ಅದಕ್ಕೇ ವೋಟು ಬೇಕು. ನಿಮ್ಮ ಕಾಲೇಜಿನಲ್ಲೂ ಶುರು ಮಾಡುವುದಾದರೆ ಹೀಗೆ ಮಾಡಿ.

ಮೊದಲು ವೋಟಿಗೆ ಏನರ್ಥ ಅಂತ ತೀರ್ಮಾನಿಸಿ. ಹೆಬ್ಬೆರಳಿನ ಚಿತ್ರ ಬೇಡ, ಅದನ್ನು ಕಂಡರೆ ಮಕ್ಕಳು ಗೆಳೆಯರಿಗೆ ಒತ್ತುತ್ತಾರೆ. ಪ್ರತಿ ಉತ್ತರದ ಕೆಳಗೆ ಎರಡು ಬಟನ್ ಇಡಿ: ‘ನನಗೆ ಅರ್ಥವಾಯಿತು’, ‘ನನಗಿನ್ನೂ ಅರ್ಥವಾಗಿಲ್ಲ’. ಎರಡೂ ಓದಿದವರ ಬಗ್ಗೆ ಹೇಳುತ್ತವೆ, ಬರೆದವರ ಬಗ್ಗೆ ಅಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಒಬ್ಬರ ಉತ್ತರಕ್ಕೆ ಡೌನ್‌ವೋಟ್ (ಚೆನ್ನಾಗಿಲ್ಲ ಎಂಬ ವೋಟು) ಹಾಕಿದರೆ ಹಾಕಿದವರಿಗೂ ಒಂದು ಅಂಕ ಕಡಿಮೆಯಾಗುತ್ತದೆ. ದೊಡ್ಡವರಿಗೆ ಆ ಲಗಾಮು ಸಾಕಾಗಬಹುದು. ಆದರೆ ಮೊದಲ ಸಲ ಧೈರ್ಯ ಮಾಡಿ ಬರೆದ 17 ವರ್ಷದ ಹುಡುಗನಿಗೆ ಮೈನಸ್ 4 ಕಂಡರೆ ಅವನು ಮತ್ತೆ ಬರೆಯುತ್ತಾನಾ? ಪ್ರಶ್ನೆಗಳಿಗೆ ಒಂದೇ ಬಟನ್ ಸಾಕು: ‘ನನಗೂ ಇದೇ ಡೌಟು’. ಜಾಸ್ತಿ ಜನ ಒತ್ತಿದ್ದನ್ನು ಮರುದಿನ ಕ್ಲಾಸಿನಲ್ಲೇ ಎತ್ತಿಕೊಳ್ಳಿ.

ಮೊದಲ 24 ಗಂಟೆ ಎಣಿಕೆಯನ್ನು ತೋರಿಸಬೇಡಿ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಸುದ್ದಿ ತಾಣದ ಕೆಲವು ಕಮೆಂಟುಗಳಿಗೆ, ಒಳ್ಳೆಯದೋ ಕೆಟ್ಟದೋ ನೋಡದೆ, ಶುರುವಿನಲ್ಲೇ ಒಂದು ಮೆಚ್ಚುಗೆಯ ವೋಟು ಹಾಕಿದ್ದರು. ಅವುಗಳ ಕೊನೆಯ ಅಂಕ ಸರಾಸರಿ 25% ಏರಿತು. ಒಂದೇ ವೋಟಿಗೆ ಇಷ್ಟು! ಮೊದಲು ಬರೆದವರೇ ಗೆಲ್ಲುವಂತಾದರೆ, ಮನೆಕೆಲಸ ಮುಗಿಸಿ ಹತ್ತು ಗಂಟೆಗೆ ಕೂತು ಚೆನ್ನಾಗಿ ಬರೆಯುವ ಹುಡುಗಿಗೆ ಅನ್ಯಾಯ ಅಲ್ವಾ? ಯಾರು ಯಾವುದಕ್ಕೆ ಒತ್ತಿದರು ಎಂಬುದಂತೂ ಯಾವತ್ತೂ ಕಾಣಬಾರದು.

ಇನ್ನು ಯಾವ ಉತ್ತರ ಮೇಲೆ ಬರಬೇಕು? ಒತ್ತಿದವರಲ್ಲಿ ಎಷ್ಟು ಜನ ‘ಅರ್ಥವಾಯಿತು’ ಅಂದರು ಎಂಬ ಬರೀ ಶೇಕಡಾವಾರು ನೋಡಿದರೆ 3ಕ್ಕೆ 3 ಪಡೆದದ್ದು 40ಕ್ಕೆ 38 ಪಡೆದದ್ದನ್ನು ಹಿಂದೆ ಹಾಕುತ್ತದೆ. ಇದಕ್ಕೆ ಸಂಖ್ಯಾಶಾಸ್ತ್ರ ಬಲ್ಲ ಎಡ್ವಿನ್ ವಿಲ್ಸನ್ 1927ರಲ್ಲೇ ಒಂದು ಸೂತ್ರ ಕೊಟ್ಟಿದ್ದಾರೆ. ವೋಟು ಕಡಿಮೆ ಇದ್ದಷ್ಟೂ ನಂಬಿಕೆ ಕಡಿಮೆ ಎಂದು ಅದು ಲೆಕ್ಕ ಹಾಕುತ್ತದೆ. 95% ವಿಶ್ವಾಸದ ಮಟ್ಟದಲ್ಲಿ ಅದರ ಕೆಳಮಿತಿ, ಅಂದರೆ ನಿಜವಾದ ಪಾಲು ಕನಿಷ್ಠ ಎಷ್ಟಿರಬಹುದು ಎಂಬ ಅಂದಾಜು, ತೆಗೆದರೆ ಮೊದಲನೆಯದಕ್ಕೆ 0.44, ಎರಡನೆಯದಕ್ಕೆ 0.83 ಬರುತ್ತದೆ. ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೇ ಈ ಕೆಲಸ ಕೊಡಿ, ಖುಷಿಯಿಂದ ಬರೆದುಕೊಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಅರ್ಥವಾಯಿತು ಅಂದರೆ ಉತ್ತರ ಸರಿ ಅಂತಲ್ಲ. ಕೆಪಾಸಿಟರಿನ (ವಿದ್ಯುದಾವೇಶ ಕೂಡಿಡುವ ಸಾಧನ) ಪ್ಲೇಟುಗಳ ನಡುವೆ ಡೈಎಲೆಕ್ಟ್ರಿಕ್, ಅಂದರೆ ವಿದ್ಯುತ್ ಹರಿಯಬಿಡದ ವಸ್ತು, ತುಂಬಿದರೆ ಅದರಲ್ಲಿರುವ ಶಕ್ತಿ ಏನಾಗುತ್ತದೆ ಎಂಬ ಡೌಟು ಪ್ರತಿ ವರ್ಷ ಬರುತ್ತದೆ. ‘ಕಡಿಮೆಯಾಗುತ್ತದೆ’ ಎಂಬ ಒಂದು ಸಾಲಿನ ಉತ್ತರ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬ್ಯಾಟರಿ ತೆಗೆದಿದ್ದರೆ ಮಾತ್ರ ಅದು ಸರಿ. ಬ್ಯಾಟರಿ ಹಾಗೇ ಇದ್ದರೆ ವೋಲ್ಟೇಜ್ ಬದಲಾಗುವುದಿಲ್ಲ, ಧಾರಕತೆ (ಆವೇಶ ಹಿಡಿದಿಡುವ ಸಾಮರ್ಥ್ಯ) ಏರುತ್ತದೆ, ಶಕ್ತಿಯೂ ಜಾಸ್ತಿಯಾಗುತ್ತದೆ. ಹಾಗಾಗಿ ‘ಮೇಷ್ಟ್ರು ನೋಡಿದ್ದಾರೆ’ ಎಂಬ ಗುರುತು ಬೇರೆಯೇ ಇರಲಿ, ಅದನ್ನು ವೋಟಿನ ಲೆಕ್ಕಕ್ಕೆ ಸೇರಿಸಬೇಡಿ. ತಪ್ಪು ಕಂಡ ಮಕ್ಕಳು ಕಾರಣ ಬರೆದು ನೇರ ನಿಮಗೆ ಕಳಿಸಲು ಒಂದು ದಾರಿ ಇಡಿ.

ಯಾರಿಗೆ ಒಟ್ಟು ಎಷ್ಟು ವೋಟು ಎಂಬ ರ‍್ಯಾಂಕ್ ಪಟ್ಟಿ ಮಾತ್ರ ಖಂಡಿತ ಬೇಡ. ಇಂಟರ್ನಲ್ ಮಾರ್ಕ್ಸಿಗೂ ತಳುಕು ಹಾಕಬೇಡಿ.

ಶುರುವಿನಲ್ಲಿ ಒಂದೇ ಅಧ್ಯಾಯಕ್ಕೆ ಇದನ್ನು ಮಾಡಿ ನೋಡಿ. ಅಧ್ಯಾಯ ಮುಗಿದ ಮೇಲೆ ಒಂದೂ ವೋಟು ಬೀಳದ ಉತ್ತರಗಳನ್ನು ತೆಗೆದು ನೀವೇ ಓದಿ. ಚೆನ್ನಾಗಿದ್ದೂ ಕೆಳಗೆ ಉಳಿದದ್ದು ಸಿಕ್ಕರೆ ಅದನ್ನು ಮಕ್ಕಳ ಮುಂದೆ ಓದಿ ಹೇಳಿ, ಆಮೇಲೆ ಮುಂದಿನ ಅಧ್ಯಾಯಕ್ಕೆ ಹೋಗಿ.