ನಲವತ್ನಾಲ್ಕಕ್ಕೆ ಕ್ಲಿಪ್ ಹಾಕಿಸಿದೆ, ಒಸಡಿನ ರಕ್ತ ನಿಂತಿತು

ಕ್ಲಿಪ್ ಬಿಚ್ಚಿ ಈಗ ಹದಿನಾಲ್ಕು ತಿಂಗಳು. ಬೆಳಿಗ್ಗೆ ಬ್ರಷ್ ಮಾಡಿ ಉಗುಳಿದರೆ ಬೇಸಿನ್ನಿನಲ್ಲಿ ಬರೀ ಬಿಳಿ ನೊರೆ. ಅದಕ್ಕೂ ಮುಂಚೆ ಆರೇಳು ವರ್ಷ ನೊರೆ ಗುಲಾಬಿ ಬಣ್ಣದ್ದೇ ಇತ್ತು.

"ಮಗಳ ಲಗ್ನ ಮಾಡೋ ವಯಸ್ಸಿನ್ಯಾಗ ನಿನಗ್ಯಾಕೋ ತಮ್ಮಾ ಇದು?" ಅಂತ ಅಣ್ಣ ಕೇಳಿದ್ದ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮ ಅಂಗಡಿಯ ಅಕ್ಕಪಕ್ಕದವರೂ ಅದನ್ನೇ ಅಂದರು. ಶೋಕಿಗಲ್ಲ. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿ ಕೂತಿದ್ದವು. ಅವುಗಳ ಸಂದಿಗೆ ಬ್ರಷ್ ಹೋಗುತ್ತಲೇ ಇರಲಿಲ್ಲ.

ನನಗಿದು ಮೂರನೇ ಸಲ. ಮೊದಲನೆಯದು 22ರ ವಯಸ್ಸಿನಲ್ಲಿ, ಹನ್ನೆರಡು ಸಾವಿರದ ಆಸುಪಾಸು. ಹಲ್ಲು ಸಾಲಿಗೆ ಬಂದವು. ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಪ್ಲೇಟ್ ಕೊಟ್ಟರು, ಮೂರು ತಿಂಗಳು ಹಾಕಿ ಡಬ್ಬಿಯಲ್ಲಿಟ್ಟೆ. ಎರಡು ವರ್ಷದಲ್ಲಿ ಮತ್ತೆ ಸೊಟ್ಟ. ಎರಡನೆಯದು ನಲವತ್ತೆರಡಕ್ಕೆ. ಒಸಡಿನಿಂದ ರಕ್ತ ಬರುತ್ತೆ ಅಂದರೂ ಆ ಕ್ಲಿನಿಕ್‌ನಲ್ಲಿ ಕ್ಲೀನಿಂಗ್ ಕೂಡ ಮಾಡದೆ ತಂತಿ ಹಿಡಿಯುವ ಬ್ರಾಕೆಟ್‌ಗಳನ್ನು ಹಲ್ಲಿಗೆ ಅಂಟಿಸಿದರು. ನಾಲ್ಕನೇ ತಿಂಗಳಿಗೆ ಒಸಡು ಊದಿ ಬ್ರಾಕೆಟ್ ಅಂಚಿಗೆ ಬಂತು. ಒಂದು ಹಲ್ಲು ನಾಲಿಗೆ ತಾಗಿದರೂ ಅಲುಗುತ್ತಿತ್ತು. ಬಿಚ್ಚಿಸಿದೆ. ಹದಿನೆಂಟು ಸಾವಿರ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೂರನೇ ಸಲ ನೇರ ಕ್ಲಿಪ್‌ನವರ ಹತ್ತಿರ ಹೋಗಲಿಲ್ಲ, ಮೊದಲು ಒಸಡಿನ ಡಾಕ್ಟರ ಹತ್ತಿರ ಹೋದೆ. ನಾಲ್ಕು ಸಿಟ್ಟಿಂಗ್ ಆಳದ ಕ್ಲೀನಿಂಗ್, ಆರು ಸಾವಿರ ಚಿಲ್ಲರೆ. ಆಮೇಲೆ ಮೂರು ತಿಂಗಳು ಸುಮ್ನೆ ಕಾದೆ. ಆರು ಮಿಲಿಮೀಟರ್ ಇದ್ದ ಪಾಕೆಟ್, ಅಂದರೆ ಹಲ್ಲು-ಒಸಡಿನ ನಡುವಿನ ಸಂದಿನ ಆಳ, ಮೂರೂವರೆಗೆ ಇಳಿದ ಮೇಲೇ ಬ್ರಾಕೆಟ್. ತೆಗೆದು ಹಾಕಬಹುದಾದ ಪಾರದರ್ಶಕ ಅಲೈನರ್‌ಗೆ ಒಂದೂವರೆ ಲಕ್ಷದ ಮೇಲೆ ಹೇಳಿದರು, ಬೇಡವೆಂದೆ. ಸ್ಟೀಲಿಂದೇ ಹಾಕಿಸಿದೆ, 42 ಸಾವಿರ. ಹತ್ತು ಮೊದಲಿಗೆ, ಉಳಿದದ್ದು ಕಂತು. ಕಂತಿಗೆ ಅವರನ್ನು ಹೇಗೆ ಒಪ್ಪಿಸಿದೆ ಎನ್ನುವುದು ನನ್ನ ಹತ್ತಿರವೇ ಇರಲಿ. ಹಲ್ಲು ಕೀಳಿಸಲಿಲ್ಲ. ಅಕ್ಕಪಕ್ಕ ಕೂದಲೆಳೆಯಷ್ಟು ತೀಡಿ ಜಾಗ ಮಾಡಿದರು. ಇಪ್ಪತ್ತು ತಿಂಗಳು ಹಿಡಿಯಿತು, ನಡುವೆ ಮೂರು ತಿಂಗಳಿಗೊಮ್ಮೆ ಒಸಡಿನ ಕ್ಲೀನಿಂಗ್. ಒಂದು ಸಲವೂ ತಪ್ಪಿಸಲಿಲ್ಲ. ಇಷ್ಟು ನಿಯಮವಾಗಿ ಬರುವವರು ಕಡಿಮೆ ಅಂತ ಡಾಕ್ಟರೇ ಅಂದರು.

ಖಡಕ್ ರೊಟ್ಟಿಗೆ ನಾಲ್ಕು ಬ್ರಾಕೆಟ್ ಹಾರಿದವು, ಒಂದೊಂದಕ್ಕೆ ಮುನ್ನೂರು. ಆಮೇಲೆ ಬಿಸಿ ರೊಟ್ಟಿ ಮುರಿದು ಪಲ್ಯದ ರಸದಲ್ಲಿ ನೆನೆಸಿ ತಿಂದೆ. ಶೇಂಗಾ ಚಟ್ನಿಪುಡಿ ಮಾತ್ರ ಬಿಡಲಾಗಲಿಲ್ಲ. ಅದು ತಂತಿಯ ಅಡಿ ಸೇರಿದರೆ ಹಲ್ಲಿನ ಸಂದಿಗೆ ಹೋಗುವ ಸಣ್ಣ ಇಂಟರ್‌ಡೆಂಟಲ್ ಬ್ರಷ್ಷೇ ಗತಿ.

ಆಗ ಒಂದು ಪ್ರಯೋಗ ಮಾಡಿದೆ. ರಾತ್ರಿ ಬ್ರಷ್ ಮಾಡಿದ ಮೇಲೆ ಹಸಿ ಬೀಟ್‌ರೂಟ್ ಅಗಿದು, ಒಮ್ಮೆ ಬಾಯಿ ಮುಕ್ಕಳಿಸಿ, ಮೊಬೈಲ್ ಲೈಟಿನಲ್ಲಿ ಕನ್ನಡಿ ನೋಡುವುದು. ಪಾಚಿ ಉಳಿದ ಕಡೆ ಕೆಂಪು ಹಿಡಿಯುತ್ತದೆ. ಮೊದಲ ತಿಂಗಳು ಕೆಳಹಲ್ಲಿನ ಬುಡದಲ್ಲಿ ಕುಂಕುಮದ ಗೆರೆ ಎಳೆದಂತೆ ಕಾಣುತ್ತಿತ್ತು. ಹಲ್ಲು ಸರಿದಂತೆ ಆ ಗೆರೆ ತುಂಡಾಯಿತು, ಹನ್ನೆರಡನೇ ತಿಂಗಳ ಹೊತ್ತಿಗೆ ಎರಡು ಚುಕ್ಕೆ ಉಳಿದವು. ಹಲ್ಲು ನೆಟ್ಟಗಾದ ಮಾತ್ರಕ್ಕೆ ಒಸಡು ವಾಸಿಯಾಗಲ್ಲ, ಬ್ರಷ್‌ಗೆ ದಾರಿ ಸಿಗುತ್ತದೆ. ಉಜ್ಜೋದು ನಾವೇ ಅಲ್ವಾ? ಎಣ್ಣೆ ಮುಕ್ಕಳಿಸುವುದನ್ನೂ ಒಂದು ತಿಂಗಳು ಮಾಡಿದೆ, ಬೀಟ್‌ರೂಟಿನ ಗೆರೆ ಕದಲಲಿಲ್ಲ.

ಮೂರು ತಿಂಗಳ ಸರಾಸರಿ ಶುಗರ್ (HbA1c) 7.8 ಇದ್ದದ್ದು 7.1ಕ್ಕೆ ಬಂತು. ಒಸಡಿನ ಸೋಂಕು ಇಳಿದರೆ ಶುಗರ್ ಸ್ವಲ್ಪ ಇಳಿಯುತ್ತದೆ ಅಂತ ಡಾಕ್ಟರು ಹೇಳಿದ್ದರು. ಆದರೆ ಅದೇ ವರ್ಷ ಉಣಕಲ್ ಕೆರೆ ಸುತ್ತ ನಡೆಯಲೂ ಶುರು ಮಾಡಿದ್ದೆ, ಹಾಗಾಗಿ ಪೂರ್ತಿ ಲೆಕ್ಕ ಹಲ್ಲಿಗೇ ಬರೆಯಲಾರೆ.

ಈಗ ಕೆಳಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸಿದ್ದಾರೆ, ರಾತ್ರಿ ಮೇಲಿನದಕ್ಕೆ ಪ್ಲೇಟ್. ಈ ಸಲ ಡಬ್ಬಿಯಲ್ಲಿ ಇಡುವ ಮಾತೇ ಇಲ್ಲ. ಪ್ಲೇಟನ್ನು ಬಿಸಿನೀರಲ್ಲಿ ತೊಳೆಯಬೇಡಿ. ನನ್ನದು ಒಂದು ಹಾಗೇ ಸೊಟ್ಟಾಯಿತು, ಹೊಸದಕ್ಕೆ ಎರಡೂವರೆ ಸಾವಿರ ಕೊಟ್ಟೆ.