ಸಹಿ ಹಾಕಿದ ಮೇಲೂ ಕೆಲಸ ಖಾತ್ರಿಯಾಗದಿದ್ದಾಗ

ಉದ್ಯೋಗ ಒಪ್ಪಂದಕ್ಕೆ ಸಹಿ ಹಾಕಿ ಕಳುಹಿಸಿದ ಮೇಲೆ ಕಂಪನಿಯಿಂದ ಸದ್ದೇ ಇಲ್ಲ. ಕೊನೆಗೆ ಬಂದ ಉತ್ತರದಲ್ಲಿ ‘ಸೇರುವ ದಿನಾಂಕವನ್ನು ಮರುಪರಿಶೀಲಿಸುತ್ತಿದ್ದೇವೆ’ ಎಂಬ ಒಂದೇ ಸಾಲು. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಕೋ ಬೇಡವೋ ಎಂಬ ಚಿಂತೆಯಲ್ಲಿ ನಿದ್ದೆ ಹತ್ತಲಿಲ್ಲ.

ಒಪ್ಪಂದವನ್ನು ಮತ್ತೆ ಬಿಡಿಸಿ ಕುಳಿತೆ. ಸಂಬಳದ ಪುಟ ದಾಟಿ ಷರತ್ತುಗಳನ್ನು ಸಾಲು ಸಾಲಾಗಿ ಓದಿದೆ. ‘ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿ ಮುಗಿದಲ್ಲಿ ಮಾತ್ರ ಈ ನೇಮಕಾತಿ ಜಾರಿಗೆ ಬರುತ್ತದೆ’ ಎಂದಿತ್ತು. ಇಂಥ ಷರತ್ತು ಬಾಕಿ ಇರುವವರೆಗೆ ಸಹಿಯಾಗಿದ್ದರೂ ಕೆಲಸ ಪಕ್ಕಾ ಎನ್ನಲಾಗದು. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು: ನನ್ನ ಬಳಿಯಿದ್ದ ಪ್ರತಿಯಲ್ಲಿ ಕಂಪನಿಯವರು ಸಹಿ ಮಾಡಬೇಕಾದ ಜಾಗ ಖಾಲಿಯಿತ್ತು.

ಫೋನ್ ಮಾಡುವುದನ್ನು ಬಿಟ್ಟು ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಬರೆದೆ. ಫೋನಿನಲ್ಲಿ ಸಿಗುವ ಭರವಸೆಗೆ ನಾಳೆ ತೋರಿಸಲು ಪುರಾವೆ ಇರುವುದಿಲ್ಲ. ಪರಿಶೀಲನೆ ಯಾವ ಹಂತದಲ್ಲಿದೆ, ನನ್ನಿಂದ ಯಾವ ದಾಖಲೆ ಬೇಕು, ಎರಡೂ ಕಡೆಯ ಸಹಿ ಇರುವ ಪ್ರತಿ ಯಾವಾಗ ಸಿಗುತ್ತದೆ ಎಂದು ಕೇಳಿದೆ. ‘ಸೇರುವ ದಿನಾಂಕ ಲಿಖಿತವಾಗಿ ಖಚಿತವಾದ ಮೇಲೆಯೇ ರಾಜೀನಾಮೆ ಸಲ್ಲಿಸುತ್ತೇನೆ, ನೋಟಿಸ್ ಅವಧಿ ಅಂದಿನಿಂದ ಆರಂಭವಾಗುತ್ತದೆ’ ಎಂದೂ ಸೇರಿಸಿದೆ. ಫಲ ಕೊಟ್ಟಿದ್ದು ಈ ಸಾಲೇ ಎಂಬುದು ನನ್ನ ನಂಬಿಕೆ. ಅವರು ತಡಮಾಡಿದಷ್ಟೂ ನಾನು ಸೇರುವುದೂ ಮುಂದೆ ಹೋಗುತ್ತಿತ್ತು.

ಉತ್ತರ ಬೇಗನೆ ಬಂತು. ನಾನು ಹಿಂದೆ ದುಡಿದಿದ್ದ ಸಂಸ್ಥೆಯೊಂದು ಪರಿಶೀಲನೆಗೆ ಸ್ಪಂದಿಸದೇ ಇದ್ದುದೇ ತೊಡಕಾಗಿತ್ತು. ಅಲ್ಲಿನ ಅನುಭವ ಪತ್ರ, ಸಂಬಳದ ಚೀಟಿಗಳನ್ನು ಕಳುಹಿಸಿದೆ. ಕಡತ ಮುಂದೆ ಸರಿಯಿತು. ಸೇರುವ ದಿನಾಂಕವಿದ್ದ, ಎರಡೂ ಕಡೆಯ ಸಹಿಯಾದ ಪ್ರತಿ ಕೈಸೇರಿದ ನಂತರವೇ ರಾಜೀನಾಮೆ ಪತ್ರ ಕೊಟ್ಟೆ.